ಪೂಜೆಯ ಹೂವಿನ ಜೊತೆ ಹೊಳೆಗೆ ಹೋದ ಲೈಸೆನ್ಸು

ಹೋದ ವರ್ಷದ ದಸರೆಗೆ ನಾನು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿದ್ದೆ. ನಮ್ಮದು ತೆಲುಗು ಸೀಮೆಯ ಗಡಿಯ ಆದೋನಿ ಹತ್ತಿರದ ಕೌತಾಳಂ. ಆದೋನಿಯಲ್ಲಿ ನರ್ಸ್ ಆಗಿದ್ದ ನನಗೆ ಅಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಆ ವರ್ಷ ಬೇಸಿಗೆಯಲ್ಲಿ ನಾನೂ ನನ್ನ ಗಂಡ ಬಸವರಾಜನೂ ಹೋಗಿದ್ದೆವು. ಹಳ್ಳಿಯಿಂದ ಹಳ್ಳಿಗೆ ನಾನೇ ಕಾರು ಓಡಿಸಿಕೊಂಡು ಹೋಗಬೇಕು. ಕಾರು ಕಂಪನಿಯದು. ನಮ್ಮ ದೇಶದ ಲೈಸೆನ್ಸ್ ಇದ್ದವರು ಮೊದಲ ಒಂದು ವರ್ಷ ಅದರ ಮೇಲೆಯೇ ಅಲ್ಲಿ ಓಡಿಸಬಹುದು. ಅಷ್ಟರಲ್ಲಿ ಅವರ ಪರೀಕ್ಷೆ ಪಾಸು ಮಾಡಿಕೊಳ್ಳಬೇಕು. ನಾನು ಪರೀಕ್ಷೆಗೆ ಹೆಸರು ಬರೆಸಿದ್ದೆ, ಸರದಿ ಬರಲು ಇನ್ನೂ ತಿಂಗಳುಗಳಿದ್ದವು.

ನನ್ನ ಹೆಸರು ಹುಲಿಗೆಮ್ಮ. ಅಲ್ಲಿಯವರ ನಾಲಿಗೆಗೆ ಹುಲಿ ಒಗ್ಗಲಿಲ್ಲ. ಹಿಂದಿನ ಗೆಮ್ಮ ಮಾತ್ರ ಉಳಿದು, ವಾರದೊಳಗೆ ನಾನು ಜೆಮ್ಮ ಆಗಿಬಿಟ್ಟೆ.

ನಮ್ಮಪ್ಪ ಈರಣ್ಣ ಕೌತಾಳಂ ಆದೋನಿ ನಡುವೆ ಜೀಪು ಓಡಿಸುತ್ತಾ ಬಂದವನು. ನನಗೆ ಗಾಡಿ ಕಲಿಸಿದವನೂ ಅವನೇ. ಆಯುಧಪೂಜೆ ಎಂದರೆ ನಮ್ಮ ಮನೆಯಲ್ಲಿ ಯುಗಾದಿಗಿಂತ ದೊಡ್ಡದು. ಅಪ್ಪನ ಲೆಕ್ಕದಲ್ಲಿ ಕೀಲಿ ಗಾಡಿಯದು, ಲೈಸೆನ್ಸ್ ಡ್ರೈವರನದು, ಇಬ್ಬರಿಗೂ ಪೂಜೆ ಆಗಬೇಕು. ಹಾಗಾಗಿ ಎರಡನ್ನೂ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ, ಮೇಲೆ ಚೆಂಡುಹೂವು ಸುರಿದು, ರಾತ್ರಿಯೆಲ್ಲ ದೇವರ ಮುಂದೆ ಬಿಡುತ್ತಿದ್ದ. ಮರುದಿನ ಕೀಲಿ, ಲೈಸೆನ್ಸ್ ತೆಗೆದುಕೊಂಡು, ಹೂವನ್ನು ಯಾರೂ ತುಳಿಯದ ಹಾಗೆ ಕಾಲುವೆಯ ಹರಿಯುವ ನೀರಿಗೆ ಬಿಟ್ಟುಬರುತ್ತಿದ್ದ.

ನಾನೂ ಹಾಗೇ ಮಾಡಿದೆ. ಚೆಂಡುಹೂವು ಸಿಗಲಿಲ್ಲ, ಹಳದಿ ಸೇವಂತಿಗೆ ಸಿಕ್ಕಿತು. ಕುಂಬಳಕಾಯಿಗೆ ಮಾತ್ರ ಬರವಿರಲಿಲ್ಲ. ಆ ದಿನಗಳಲ್ಲಿ ಅಲ್ಲಿ ಮನೆಮನೆಯ ಮೆಟ್ಟಿಲ ಮೇಲೂ ಕುಂಬಳಕಾಯಿ ಇಟ್ಟಿರುತ್ತಾರೆ. ಬಸವರಾಜ ಒಂದಕ್ಕೆ ಕುಂಕುಮ ತುಂಬಿ ಕಾರಿನ ಮುಂದೆ ಒಡೆದ, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟ. ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ಎಲ್ಲ ನೋಡಿ, ಕೊನೆಗೆ ನಿಂಬೆಹಣ್ಣು ಟೈರಿಗೆ ಒಳ್ಳೆಯದೇ ಎಂದು ಕೇಳಿದ. ಬಹಳ ಒಳ್ಳೆಯದು ಎಂದೆ.

ಮರುದಿನ ಬೆಳಿಗ್ಗೆ ನನಗೆ ಕೆಲಸದ ಅವಸರ. ತಟ್ಟೆಯ ಹೂವಿನೊಳಗೆ ಕೈ ಹಾಕಿ ಕೀಲಿ ತೆಗೆದುಕೊಂಡು, ಹೂವನ್ನು ಹೊಳೆಗೆ ಬಿಟ್ಟು ಬಾ ಎಂದು ಬಸವರಾಜನಿಗೆ ಹೇಳಿ ಓಡಿದೆ. ಅಲ್ಲಿ ಗಾಡಿ ಓಡಿಸುವಾಗ ಲೈಸೆನ್ಸ್ ಜೊತೆಗಿರಲೇಬೇಕೆಂದಿಲ್ಲ. ಹಾಗಾಗಿ ಅದರ ನೆನಪೇ ಬರಲಿಲ್ಲ.

ನೆನಪು ಬಂದದ್ದು ದೀಪಾವಳಿ ಕಳೆದ ಮೇಲೆ. ಕಂಪನಿಯ ಮ್ಯಾನೇಜರ್ ಕರೆನ್ ಎಲ್ಲರ ಲೈಸೆನ್ಸ್ ಮತ್ತೊಮ್ಮೆ ಪರಿಶೀಲಿಸಬೇಕೆಂದಳು. ಇನ್ಶೂರೆನ್ಸಿನವರು ಕೇಳಿದ್ದರಂತೆ. ಮನೆಗೆ ಬಂದು ಪರ್ಸು ಸುರಿದೆ, ಕಪಾಟು ಸುರಿದೆ. ಕೊನೆಗೆ ದೇವರ ಗೂಡಿನ ಮುಂದೆ ನಿಂತಾಗ ಪೂಜೆಯ ತಟ್ಟೆ ನೆನಪಾಯಿತು.

"ಏನ್ರೀ, ಪೂಜಾದ ಹೂವು ಹೊಳಿಗೆ ಬಿಟ್ರಲ್ಲ, ಅದರಾಗ ಲೈಸೆನ್ಸ್ ಇತ್ತೇನು?" ಎಂದೆ.

"ನಾ ಯಾಕ ನೋಡ್ಲಿ? ಹೂವು ಅಂದಿ, ಹೂವು ಬಿಟ್ಟೆ."

"ತಟ್ಟಿ ತಳದಾಗ ಏನರ ಇತ್ತೇನು?"

ಬಸವರಾಜ ತಲೆ ಕೆರೆದುಕೊಂಡು, "ಹೂವು ಎಲ್ಲಾ ತೇಲಿಕೊಂತ ಹೋದವು. ಒಂದ್ ಮಾತ್ರ ಗುಳುಂ ಅಂತ ಮುಣುಗಿತು. ನಾ ನಿಂಬಿಹಣ್ಣು ಅಂದ್ಕೊಂಡಿದ್ದೆ" ಎಂದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕರೆನ್ ಒಳ್ಳೆಯವಳು, ಆದರೆ ನಿಯಮದ ಹೆಣ್ಣು. ಅಸಲು ಕಾರ್ಡು ಕಣ್ಣಿಗೆ ಕಾಣುವ ತನಕ ಕಾರಿನ ಕೀಲಿ ಮುಟ್ಟುವಂತಿಲ್ಲ, ಫೋನಿನಲ್ಲಿರುವ ಪ್ರತಿ ನಡೆಯುವುದಿಲ್ಲ ಎಂದಳು. ತಿಂಗಳ ಕೊನೆಯವರೆಗೆ ಬೇರೆಯವರ ಕಾರಿನಲ್ಲಿ ಜೊತೆಗಾತಿಯಾಗಿ ಕಳಿಸುತ್ತೇನೆ, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಕೆಲಸ ಹೋದರೆ ನಮ್ಮ ವೀಸಾವೂ ಹೋದ ಹಾಗೆ. ಗಂಟುಮೂಟೆ ಕಟ್ಟಿ ಊರಿಗೆ ಬರಬೇಕು. ಊರಿಗೆ ಬರುವುದೆಂದರೆ ನನಗೆ ಸಂತೋಷವೇ. ಆದರೆ ಹೀಗೆ, ಲೈಸೆನ್ಸನ್ನು ದೇವರಿಗೆ ಕೊಟ್ಟು, ಬರಿಗೈಯಲ್ಲಿ ಅಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಲೈಸೆನ್ಸ್ ಹೊಳೆಗೆ ಹೋಯಿತೆಂದಾಗ ಅವನು ಮೊದಲು ಕೇಳಿದ್ದು, "ಗಾಡಿ ಛಲೋ ಐತಿಲ್ಲ?" ಅಂತ.

"ಗಾಡಿಗೇನಾಗ್ಯದಪ್ಪ. ನನ್ನ ನೌಕರಿ ಹೋಗಾಕ ಹತ್ಯಾದ."

"ಹಂಗ್ಯಾಕಂತಿ ಯವ್ವ. ನಾಳೆ ಆದೋನಿಗೆ ಹೋಗಿ ಆರ್‌ಟಿಓ ಆಫೀಸ್ನಾಗ ಕೇಳ್ತೀನಿ. ಇನ್ನೊಂದು ಕಾರ್ಡ್ ಕೊಟ್ಟ ಕೊಡ್ತಾರ."

ಮರುದಿನ ಅಪ್ಪನಿಂದ ಸುದ್ದಿ ಬಂತು. ಎರಡನೇ ಕಾರ್ಡು ಸಿಗುತ್ತದೆ. ಆದರೆ ಮೊದಲಿನದು ಕಳೆದುಹೋದದ್ದಕ್ಕೆ ನಾನಿರುವ ಊರಿನ ಪೊಲೀಸರ ಒಂದು ಚೀಟಿ ಬೇಕು. ಹೇಗೆ ಕಳೆಯಿತೆಂದು ನಾನೇ ಬರೆದು, ನನ್ನ ಪರವಾಗಿ ಅಪ್ಪ ಬರುತ್ತಾನೆಂದು ಸಹಿ ಮಾಡಿದ ಪತ್ರವೂ ಬೇಕು. "ಹೊಳಿ ಗಿಳಿ ಅನಬ್ಯಾಡ. ಬಸ್ಸಿನಾಗ ಬಿತ್ತು ಅಂತ ಬರಿ. ಎಲ್ಲಾರೂ ಅದನ್ನ ಬರಿತಾರ" ಎಂದ ಅಪ್ಪ.

ನಾನು ಅಲ್ಲಿಯ ಪೊಲೀಸ್ ಠಾಣೆಗೆ ಹೋದೆ. ಕಿಟಕಿಯ ಹಿಂದೆ ನನ್ನ ವಯಸ್ಸಿನ ಒಬ್ಬ ಪೊಲೀಸ್ ಹೆಂಗಸು ಕೂತಿದ್ದಳು. ಬಸ್ಸು ಎಂದು ಹೇಳಬೇಕೆಂದೇ ಹೋಗಿದ್ದೆ. ಅವಳು ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಕೇಳಿದಳು ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವಳು ಪೆನ್ನು ಕೆಳಗಿಟ್ಟು, ನೀವು ಲೈಸೆನ್ಸಿಗೆ ಪೂಜೆ ಮಾಡಿದಿರಾ ಎಂದಳು. ಪೂಜೆ ಗಾಡಿಗೆ, ಲೈಸೆನ್ಸ್ ಜೊತೆಗೆ ಕೂತಿತ್ತು ಅಷ್ಟೇ ಎಂದೆ. ಅವಳು ತಲೆ ತಗ್ಗಿಸಿ ಬರೆದಳು. ಭುಜ ಮಾತ್ರ ಅಲುಗಾಡುತ್ತಿತ್ತು. ಚೀಟಿ ಕೊಡುವಾಗ, ನಮ್ಮ ಠಾಣೆಯ ಗಾಡಿ ದಿನಾ ಕೆಡುತ್ತದೆ, ಮುಂದಿನ ವರ್ಷ ಅದನ್ನೂ ಸೇರಿಸಿಕೊಳ್ಳಿ ಎಂದಳು.

ಚೀಟಿಯಲ್ಲಿ ಹೊಳೆ ಬಂದ ಮೇಲೆ ನನ್ನ ಪತ್ರದಲ್ಲಿಯೂ ಹೊಳೆಯೇ ಬರಬೇಕಾಯಿತು. ಪತ್ರ ಬರೆದು ಸಹಿ ಮಾಡಿ ಚೀಟಿಯ ಜೊತೆ ವಾಟ್ಸಾಪಿನಲ್ಲಿ ಕಳಿಸಿದೆ. ಅಪ್ಪ ಎರಡನ್ನೂ ನೆಟ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿಕೊಂಡು ಆದೋನಿಗೆ ಒಯ್ದ. ಆಮೇಲೆ ಅವನು ಹೇಳಿದ್ದನ್ನು ಹೇಳುತ್ತೇನೆ. ಅಧಿಕಾರಿ ಪತ್ರ ಓದಿದರಂತೆ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರಂತೆ. ಅಪ್ಪ ಬಾಗಿಲ ಕಡೆ ನೋಡತೊಡಗಿದ.

"ಏಮಯ್ಯಾ ಈರಣ್ಣ, ಇದು ಖರೇನಾ?"

"ಖರೇ ಸಾರ್. ಹುಡುಗಿಗೆ ಸುಳ್ಳು ಬರಂಗಿಲ್ಲ. ನಾ ಬಸ್ಸು ಅಂತ ಹೇಳ್ಕೊಟ್ಟಿದ್ದೆ, ಆಕಿ ಕೇಳಲಿಲ್ಲ."

ಅಧಿಕಾರಿ ಕುರ್ಚಿಗೆ ಒರಗಿ ನಕ್ಕರಂತೆ. "ನಮ್ಮನ್ಯಾಗ ಸ್ಕೂಟರ್ ಕೀಲಿ ಹಿಂಗ ಹೋತು. ನಮ್ಮಾಕಿ ಹೂವಿನ ಜೊತಿ ಬಾವಿಗೆ ಹಾಕಿದ್ಳು. ಬಸ್ಸಿನ ಕತಿ ದಿನಾ ಕೇಳ್ತೀನಿ, ಇದನ್ನ ಯಾರೂ ಕಟ್ಟಿ ಹೇಳಾಕ ಆಗಂಗಿಲ್ಲ" ಎಂದು ಬರೆದುಕೊಳ್ಳಲು ಪೆನ್ನು ತೆಗೆದರು. ಅಪ್ಪ ಇನ್ನೇನು ಕೆಲಸ ಆಯಿತೆಂದು ಉಸಿರು ಬಿಟ್ಟ. ಅಷ್ಟರಲ್ಲಿ ಅವರು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದರು.

"ಈರಣ್ಣ, ಸಹಿ ಕೂಡಂಗಿಲ್ಲಪ್ಪ. ಪತ್ರದಾಗ ಇಂಗ್ಲಿಷ್ ಐತಿ. ಇಲ್ಲಿ ಇರೋದು ಕನ್ನಡ."

ಈ ಸುದ್ದಿ ಕೇಳಿದಾಗ ನನಗೇ ಆಶ್ಚರ್ಯ. ನಮ್ಮ ಗಡಿಯ ಕಡೆ ರೂಢಿ ಬೇರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಅರ್ಜಿಗಳಿಗೆ ಇಂಗ್ಲಿಷ್. ನಾನು ಓದಿದ್ದೆಲ್ಲ ತೆಲುಗಿನಲ್ಲಿ. ನೌಕರಿ, ಬ್ಯಾಂಕು, ಪಾಸ್‌ಪೋರ್ಟು ಎಲ್ಲ ಕಡೆ ಇಂಗ್ಲಿಷಿನಲ್ಲಿ ಸಹಿ. ಕನ್ನಡದಲ್ಲಿ ಯಾವಾಗ ಮಾಡಿದ್ದೆ?

ನೆನಪು ಮಾಡಿಕೊಟ್ಟವನು ಅಪ್ಪ. "ಲೈಸೆನ್ಸಿಗೆ ಹೋದ ದಿನ ನಿಮ್ಮಜ್ಜಿ ಬಂದಿದ್ಳು ನೋಡು, ಸೀರಿ ತಗಳಾಕ ಅಂತ. ಸಹಿ ಮಾಡೂ ಮುಂದ ನಿನ್ನ ಬಾಜೂಕ ನಿಂತಿದ್ಳು."

ಆಗ ಎಲ್ಲ ಕಣ್ಣ ಮುಂದೆ ಬಂತು. ನಮ್ಮಜ್ಜಿ ಸಿರುಗುಪ್ಪ ಕಡೆಯವಳು. ನನಗೆ ಕನ್ನಡ ಅಕ್ಷರ ಕಲಿಸಿದ್ದು ಯಾವ ಶಾಲೆಯೂ ಅಲ್ಲ, ಅವಳು. ಜೋಳದ ಹಿಟ್ಟು ಸಾಣಿಸಿ ಮೊರದಲ್ಲಿ ಹರಡಿ, ಅದರ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸುತ್ತಿದ್ದಳು. ತಪ್ಪಾದರೆ ಮೊರ ಒಂದು ಸಲ ತಟ್ಟಿದರೆ ಮುಗಿಯಿತು, ಮತ್ತೆ ಹೊಸ ಪಾಟಿ. ರೊಟ್ಟಿ ಬಡಿಯುವ ಹೊತ್ತಿಗೆ ಒಂದು ಅಕ್ಷರ ಬಂದಿರಬೇಕು. ಅವತ್ತು ಆರ್‌ಟಿಓ ಆಫೀಸಿನಲ್ಲಿ ನಾನು ತೆಲುಗಿನಲ್ಲಿ ಸಹಿ ಮಾಡಲು ಹೋದಾಗ ಅಜ್ಜಿ ನನ್ನ ಮೊಣಕೈ ಹಿಡಿದಿದ್ದಳು. "ತೆಲುಗು ಸಾಲ್ಯಾಗ ಬರಿ. ಇಂಗ್ಲಿಷ್ ಸಾಹೇಬ್ರಿಗೆ ಬರಿ. ಈ ಹೆಸರು ನಾ ಇಟ್ಟಿದ್ದು. ನನಗ ಓದಾಕ ಬರೂವಂಗ ಬರಿ" ಎಂದಿದ್ದಳು.

ಅಧಿಕಾರಿ ದೊಡ್ಡ ಮನಸ್ಸು ಮಾಡಿದರು. ನಾಳೆ ಆಫೀಸು ತೆರೆದ ಕೂಡಲೇ ಹುಡುಗಿ ವಿಡಿಯೋದಲ್ಲಿ ಬರಲಿ, ನನ್ನ ಕಣ್ಣ ಮುಂದೆ ಕನ್ನಡದಲ್ಲಿ ಸಹಿ ಮಾಡಲಿ, ಕೂಡಿದರೆ ಆ ಪತ್ರವನ್ನೇ ತೆಗೆದುಕೊಳ್ಳುತ್ತೇನೆ ಎಂದರು.

ಆ ಮಧ್ಯಾಹ್ನವೇ ನಾನು ಪೆನ್ನು ಹಿಡಿದು ಕೂತೆ. ಹುಲಿಗೆಮ್ಮ ಎಂದು ಬರೆದೆ. ಓದಲು ಬರುತ್ತಿತ್ತು, ಆದರೆ ಅದು ಸಹಿಯಾಗಿರಲಿಲ್ಲ, ಅಂಗಡಿಯ ಬೋರ್ಡಾಗಿತ್ತು. ಹಾಳೆ ತುಂಬಾ ಬರೆದೆ. ಒಂದಕ್ಕೊಂದು ಹೋಲಿಕೆಯೇ ಇರಲಿಲ್ಲ. ಊರಿಗೆ ಫೋನ್ ಹಚ್ಚಿದಾಗ ಅಜ್ಜಿಯೇ ಎತ್ತಿದಳು. ಅವಳ ಹಣೆ ಮಾತ್ರ ಕಾಣುತ್ತಿತ್ತು.

"ಅಜ್ಜಿ, ಕೈ ಮರ್ತು ಹೋಗೈತಿ."

"ಪೆನ್ನು ಒಗಿ. ಮನ್ಯಾಗ ಹಿಟ್ಟು ಐತೇನು?"

"ಗೋಧಿ ಹಿಟ್ಟು ಐತಿ."

"ಜ್ವಾಳದ್ದು ಇಲ್ಲೇನು? ಹೋಗ್ಲಿ, ಊರಿಗೆ ತಕ್ಕ ಹಿಟ್ಟು. ತಟ್ಟ್ಯಾಗ ಹಾಕು, ಬೆರಳಿಲೆ ಬರಿ. ಫೋನ್ ಮ್ಯಾಲ ಹಿಡಿ, ನಾ ನೋಡ್ತೀನಿ."

ಬಸವರಾಜ ಫೋನ್ ಹಿಡಿದು ಸ್ಟೂಲಿನ ಮೇಲೆ ನಿಂತ. ನಾನು ತಟ್ಟೆಯಲ್ಲಿ ಹಿಟ್ಟು ಹರಡಿ ಬೆರಳಿಟ್ಟೆ. ಏನು ಹೇಳಲಿ, ಪೆನ್ನಿಗೆ ಬಾರದ್ದು ಬೆರಳಿಗೆ ಬಂತು. ಅಜ್ಜಿ ಅಲ್ಲಿಂದ, "ಹು ಸಣ್ಣದು ಮಾಡು... ಲಿ ಮ್ಯಾಲಿನ ಗುಡಿಸು ಅಷ್ಟು ದೊಡ್ಡದ್ಯಾಕ, ಪೇಟ ಸುತ್ತಿದಂಗ ಐತಿ... ಕಡೀಕ ಮ ಕೆಳಗಿನ ಒತ್ತು ಎಳದು ಬಾಲ ಬಿಡ್ತಿದ್ದಿ, ಅದೆಲ್ಲಿ ಹೋತು?" ಎನ್ನುತ್ತಿದ್ದಳು. ತಟ್ಟೆ ತಟ್ಟಿ ಮತ್ತೆ ಬರೆದೆ. ಬಾಲ ಬಂತು. ಬಂದಾಗ ನನ್ನ ಕೈಗೆ ಗೊತ್ತಾಯಿತು, ಇದೇ ಅದು.

"ಹಾಂ," ಎಂದಳು ಅಜ್ಜಿ. "ಈಗ ಪೆನ್ನು ತಗೋ. ಆಮ್ಯಾಲ ಆ ಹಿಟ್ಟು ಚೆಲ್ಲಬ್ಯಾಡ, ಚಪಾತಿ ಮಾಡು. ಹೊಳಿಗೆ ಹಾಕಿದ್ದು ಸಾಕು."

ಮರುದಿನ ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಆದೋನಿಯಲ್ಲಿ ಆಫೀಸು ತೆರೆದಿತ್ತು. ಫೋನಿನಲ್ಲಿ ಅಧಿಕಾರಿ, ಅವರ ಹಿಂದೆ ಇಸ್ತ್ರಿ ಅಂಗಿ ತೊಟ್ಟ ಅಪ್ಪ, ಅಪ್ಪನ ಹಿಂದೆ ತಮ್ಮ ಕೆಲಸ ಬಿಟ್ಟು ನೋಡಲು ನಿಂತ ಜನ. "ಮಾಡಮ್ಮಾ" ಎಂದರು ಅಧಿಕಾರಿ. ನಾನು ಕಾಗದ ನೋಡಲಿಲ್ಲ. ಹಿಟ್ಟು ನೆನೆಸಿಕೊಂಡು ಒಂದೇ ಉಸಿರಿಗೆ ಎಳೆದೆ. ಕಾಗದ ಎತ್ತಿ ತೋರಿಸಿದೆ. ಅವರು ಕಂಪ್ಯೂಟರ್ ನೋಡಿದರು, ನನ್ನ ಕಾಗದ ನೋಡಿದರು, ಮತ್ತೆ ಕಂಪ್ಯೂಟರ್ ನೋಡಿದರು.

"ಬಾಲ ಸೈತ ಕೂಡ್ತು" ಎಂದರು. ಹಿಂದೆ ನಿಂತವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಪ್ಪ ಮುಖ ಆಚೆ ತಿರುಗಿಸಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

ಕಾರ್ಡು ಅಂಚೆಯಲ್ಲಿ ಕೌತಾಳಂ ಮನೆಗೆ ಬಂದಾಗ ತಿಂಗಳ ಕೊನೆ ಹತ್ತಿರವಾಗಿತ್ತು. ಊರಿನಿಂದ ಅಂಚೆಗೆ ಹಾಕಿದರೆ ಹೊತ್ತಿಗೆ ತಲುಪುವ ಭರವಸೆ ಇಲ್ಲ. ಆದರೆ ದೇವರು ಇನ್ನೊಂದು ದಾರಿ ಇಟ್ಟಿದ್ದ. ಆದೋನಿಯ ರಮಾಬಾಯಿಯವರು ಮಗಳ ಬಾಣಂತನಕ್ಕೆ ಇಂಗ್ಲೆಂಡಿಗೆ ಹೊರಟಿದ್ದರು. ಅವರದು ಆಚಾರ್ಯರ ಮನೆತನ. ವರ್ಷವರ್ಷವೂ ಮಂತ್ರಾಲಯಕ್ಕೆ ಅಪ್ಪನ ಜೀಪಿನಲ್ಲಿಯೇ ಹೋಗಿಬರುವವರು. ಮಗಳ ಮನೆ ಅಲ್ಲಿ ನಾವಿದ್ದ ಊರಿನಿಂದ ರೈಲಿನಲ್ಲಿ ಒಂದು ತಾಸಿನ ದಾರಿ. ಅಪ್ಪ ಸ್ಟೇಷನ್ನಿನಲ್ಲಿ ಕಾರ್ಡನ್ನು ಅವರ ಕೈಗೆ ಕೊಟ್ಟು, "ಅಮ್ಮಾರೆ, ಇದು ನನ್ನ ಮಗಳ ಜೀವ ಅಂತ ತಿಳ್ಕೋರಿ" ಎಂದನಂತೆ. "ಈರಣ್ಣ, ನೀ ನಿಶ್ಚಿಂತಿ ಇರು. ಇದನ್ನ ಎಲ್ಲಿ ಇಡಬೇಕೋ ಅಲ್ಲೇ ಇಡ್ತೀನಿ" ಎಂದರಂತೆ ಅವರು.

ಅವರು ಬಂದಿಳಿದ ಮರುದಿನವೇ ತಿಂಗಳ ಕಡೆಯ ದಿನ. ಬೆಳಗಿನ ಮೊದಲ ರೈಲಿಗೆ ನಾನು ಹೊರಟೆ. ಸಂಜೆ ಆಫೀಸು ಮುಚ್ಚುವುದರೊಳಗೆ ಕರೆನ್ ಮುಂದೆ ಕಾರ್ಡು ಇಡಬೇಕು. ಬಾಗಿಲು ತೆರೆದವರು ರಮಾಬಾಯಿಯವರೇ. ಸ್ನಾನ ಪೂಜೆ ಮುಗಿಸಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡಿದ್ದರು.

"ಬಾರಮ್ಮ, ಬಾ. ಮೊದಲ ಚಹಾ ಕುಡಿ."

"ಅಮ್ಮಾರೆ, ಕಾರ್ಡ್?"

"ಇಟ್ಟೀನಿ, ಭದ್ರ ಇಟ್ಟೀನಿ. ಚೀಲದಾಗಿದ್ರ ಕಳೀತದ, ಪರ್ಸಿನಾಗಿದ್ರ ಕಳೂವಾಗ್ತದ ಅಂತ, ನಮ್ಮ ದೇವರ ಪೆಟ್ಟಿಗ್ಯಾಗ, ರಾಯರ ಪಾದದ ಕೆಳಗ ಇಟ್ಟು ತಂದೀನಿ. ಅಲ್ಲಿಂದ ಯಾರು ಒಯ್ತಾರ?"

"ಇವತ್ತು ಪೂಜಾ ಆತೇನ್ರಿ ಅಮ್ಮಾರೆ?"

"ಆತಲ್ಲ, ಈಗಿನ್ನೂ. ಪೆಟ್ಟಿಗಿ ಖಾಲಿ ಮಾಡಿ, ಹಳೆ ಹೂವು ತುಳಸಿ ತಗದು..." ಎನ್ನುತ್ತಿದ್ದವರು ಅಲ್ಲಿಗೇ ನಿಂತರು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನನ್ನ ಕತೆ ಅಪ್ಪ ಅವರಿಗೆ ಪೂರ್ತಿ ಹೇಳಿದ್ದ.

"ಅಳಿಯಂದ್ರು ಹೂವು ಗಿಡದ ಬುಡಕ ಹಾಕ್ತೀನಿ ಅಂತ ತೊಗೊಂಡು ಹ್ವಾದ್ರು."

ಚಪ್ಪಲಿಯನ್ನೂ ಮೆಟ್ಟದೆ ಇಬ್ಬರೂ ಹಿತ್ತಲಿಗೆ ಓಡಿದೆವು. ಚಳಿಗೆ ಹುಲ್ಲಿನ ಮೇಲೆ ಬಿಳಿ ಹಿಮ ಕೂತಿತ್ತು. ಅಳಿಯಂದಿರು ಗುಲಾಬಿ ಗಿಡದ ಬುಡದಲ್ಲಿ ಗುಂಡಿ ತೋಡಿ, ಹೂವು ಸುರಿದು, ಮಣ್ಣು ಎಳೆಯಲು ಕೈ ಎತ್ತಿದ್ದರು. "ಮಣ್ಣು ಹಾಕಬ್ಯಾಡ್ರಿ" ಎಂದು ಕೂಗಿದೆ. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಅವರು ಗುದ್ದಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಮೊಣಕಾಲೂರಿ ಗುಂಡಿಗೆ ಕೈ ಹಾಕಿದೆ. ಒಣ ತುಳಸಿ, ಬಾಡಿದ ಹೂವು, ಅಕ್ಷತೆ. ಎಲ್ಲಕ್ಕಿಂತ ಕೆಳಗೆ ನುಣುಪಾಗಿ, ಗಟ್ಟಿಯಾಗಿ ಬೆರಳಿಗೆ ತಾಗಿತು. ಹೊರಗೆ ತೆಗೆದೆ. ಗಂಧ ಮೆತ್ತಿತ್ತು, ಒಂದು ತುಳಸಿ ಎಲೆ ಅಂಟಿತ್ತು. ಅದರ ಕೆಳಗೆ ನನ್ನ ಮುಖ, ಮುಖದ ಕೆಳಗೆ ಬಾಲ ಬಿಟ್ಟ ನನ್ನ ಹೆಸರು.

ರಮಾಬಾಯಿಯವರು ಹಿಮದ ಮೇಲೆ ಬರಿಗಾಲಲ್ಲಿ ನಿಂತು ನಗಲು ಶುರು ಮಾಡಿದರು, ನಾನೂ ನಕ್ಕೆ. ನಗುತ್ತಾ ನಗುತ್ತಾ ಇಬ್ಬರ ಕಣ್ಣಲ್ಲೂ ನೀರು ಬಂತು. "ಈ ಲೈಸೆನ್ಸಿಗೆ ಹೂವಿನ ಹುಚ್ಚು ಭಾಳ ಅದನಮ್ಮ. ಸದಾ ಸಿಂಗಾರದ ಬಿಚ್ಚೋಲೆ ಗೌರಮ್ಮ ಇದ್ದಂಗ" ಎಂದರು. ಒಳಗೆ ಕರೆದು ಬಿಸಿ ಉಪ್ಪಿಟ್ಟು ತಿನ್ನಿಸಿ, ಮೆಂತ್ಯದ ಹಿಟ್ಟಿನ ಡಬ್ಬಿ ಕೈಗಿಟ್ಟೇ ಕಳಿಸಿದರು. ರೈಲಿನಲ್ಲಿ ನಾನು ಕಾರ್ಡನ್ನು ಎರಡೂ ಅಂಗೈ ನಡುವೆ ಹಿಡಿದುಕೊಂಡೇ ಕೂತಿದ್ದೆ.

ಮಧ್ಯಾಹ್ನ ಕರೆನ್ ಮುಂದೆ ಕಾರ್ಡು ಇಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, ಇದು ಚಂದದ ವಾಸನೆ ಬರುತ್ತದಲ್ಲ ಎಂದಳು. ನಮ್ಮಲ್ಲಿ ಹಾಗೇ ಕೊಡುತ್ತಾರೆ ಎಂದೆ. ಅವಳು ಕಂಪ್ಯೂಟರಿನಲ್ಲಿ ಏನೋ ಒತ್ತಿ, ಮೇಜಿನ ಡ್ರಾಯರ್ ತೆಗೆದು ಕಾರಿನ ಕೀಲಿಯನ್ನು ನನ್ನ ಕಡೆ ಜಾರಿಸಿದಳು.

ಆ ಸಂಜೆಯ ಪಾಳಿ ನನ್ನದೇ. ಗುಡ್ಡದಾಚೆಯ ಹಳ್ಳಿಯಲ್ಲಿ ಡೊರೊತಿ ಎಂಬ ಮುದುಕಿ ಒಬ್ಬಳೇ ಇದ್ದಾಳೆ. ಆ ತಿಂಗಳೇ ನಮ್ಮ ಪಟ್ಟಿಗೆ ಸೇರಿದವಳು. ಅಷ್ಟು ದಿನವೂ ಬೇರೆಯವರ ಪಕ್ಕದಲ್ಲಿ ಕೂತು ಅವಳ ಮನೆಗೆ ಹೋಗುತ್ತಿದ್ದೆ. ಕಿಟಕಿಯಿಂದ ನೋಡಿ, ನಿನಗೆ ಓಡಿಸಲು ಬರುವುದಿಲ್ಲವೇನೋ ಎಂದು ಚುಚ್ಚುತ್ತಿದ್ದಳು. ಅಂದು ನಾನೊಬ್ಬಳೇ ಕಾರನ್ನು ಅವಳ ಬಾಗಿಲಿಗೆ ತಂದು, ಅಪ್ಪ ಮಾಡುವ ಹಾಗೆ ಒಂದೇ ತಿರುವಿನಲ್ಲಿ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದೆ. ಅವಳು ಬಾಗಿಲಲ್ಲಿ ನಿಂತು ತಲೆದೂಗಿ, ಯಾರು ಕಲಿಸಿದ್ದು ಎಂದಳು. ನಮ್ಮಪ್ಪ, ಹತ್ತಿ ಒಣಗಿಸುವ ಬಯಲಿನಲ್ಲಿ ಎಂದೆ.

ಈ ವರ್ಷ ನಾನು ಅಲ್ಲಿಯ ಪರೀಕ್ಷೆಯನ್ನೂ ಮೊದಲ ಸಲಕ್ಕೇ ಪಾಸು ಮಾಡಿದೆ. ಅಲ್ಲಿಯ ಲೈಸೆನ್ಸಿನ ಮೇಲೂ ಸಹಿ ಅಚ್ಚಾಗುತ್ತದೆ. ಅರ್ಜಿಯಲ್ಲಿ ಸಹಿಯ ಚೌಕ ಬಂದಾಗ ಬಸವರಾಜ, "ಇಂಗ್ಲಿಷ್‌ನಾಗ ಮಾಡು, ಇವರಿಗೆ ಓದಾಕ ಬರಬೇಕಲ್ಲ" ಎಂದ. ಓದಬೇಕಾದವರು ಇವರಲ್ಲ ಎಂದೆ.

ಹೊಸ ಕಾರ್ಡು ಬಂದ ದಿನ ಊರಿಗೆ ಫೋನ್ ಹಚ್ಚಿ ಅದನ್ನು ಹತ್ತಿರ ಹಿಡಿದೆ. ಈ ಸಲವೂ ಅಜ್ಜಿಯ ಹಣೆ ಮಾತ್ರ ಕಾಣುತ್ತಿತ್ತು. ಅಪ್ಪ ಫೋನ್ ಸರಿ ಮಾಡಿ ಹಿಡಿದ ಮೇಲೆ ಕಣ್ಣು ಕಂಡವು. ಅವಳು ಒಂದೊಂದೇ ಅಕ್ಷರ ಕೂಡಿಸಿ, ನಿಧಾನವಾಗಿ, ದೊಡ್ಡದಾಗಿ ಓದಿದಳು.

"ಹು... ಲಿ... ಗೆ... ಮ್ಮ."

ಆಮೇಲೆ ಅಪ್ಪನ ಕಡೆ ತಿರುಗಿ, "ಆ ಊರಾಗೂ ನನಗ ಓದಾಕ ಬರ್ತೈತಿ ನೋಡು" ಎಂದಳು.